ಅತ್ತೆಯೂ ನಾನೂ ಕೋಳಿಯಾಗಿದ್ದು

ನನ್ನ ಹೆಂಡತಿ ಜಿರಳೆ ಹತ್ರ ಕ್ಷಮೆ ಕೇಳ್ತಾಳೆ. ಸುಳ್ಳಲ್ಲ, ಕಣ್ಣಾರೆ ನೋಡಿದೀನಿ. ಅಡುಗೆಮನೆ ದೀಪ ಹಾಕಿದ ಕೂಡಲೇ ಅದು ಗಾಬರಿಬಿದ್ದು ಓಡಿದ್ರೆ, "ಅಯ್ಯೋ ಪಾಪ, ಹೆದರಿಸಿಬಿಟ್ನಾ ಕಂದಾ" ಅಂತಾಳೆ. ಆ ಕಂದ ಅಷ್ಟರಲ್ಲಿ ನನ್ನ ಬ್ರೆಡ್ಡಿನ ಮೇಲೆ ಒಂದು ಸುತ್ತು ಹೊಡೆದು ಬಂದಿರುತ್ತೆ. ನನಗೆ ಮದುವೆಯಾದಾಗಿಂದ ಒಂದು ಸಾರಿನೂ ಕಂದಾ ಅಂದಿಲ್ಲ. ಅದಕ್ಕೆ ಬೇಜಾರಿಲ್ಲ ಅಂದ್ರೆ ಸುಳ್ಳಾಗುತ್ತೆ, ಬೇಜಾರಿದೆ.

ನಾನು ವೆಲ್ಡರ್. ಗೇಟು, ಕಿಟಕಿ ಸರಳು, ಮೆಟ್ಟಿಲ ಕಂಬಿ, ಏನು ಬೇಕಾದ್ರೂ ಮಾಡಿಕೊಡ್ತೀನಿ. ಬಾಯಿ ಸ್ವಲ್ಪ ಜೋರು, ಕೋಪ ಮೂಗಿನ ತುದೀಲೇ ಇರುತ್ತೆ. ಮನೇಲಿ ನಾವು ಮೂರೇ ಜನ, ನಾನು, ಹೆಂಡತಿ, ಅವಳ ಅಮ್ಮ. ಅತ್ತೆ ಬಸ್ ಕಂಡಕ್ಟರ್ ಆಗಿದ್ದವರು. ಅವರು ನಿವೃತ್ತಿ ಆದ್ರೂ ಅವರ ಗಂಟಲು ನಿವೃತ್ತಿ ಆಗಿಲ್ಲ. ನಾನು ಬಾತ್‌ರೂಮಿನಲ್ಲಿ ಸ್ವಲ್ಪ ತಡ ಮಾಡಿದ್ರೆ ಸಾಕು, ಬಾಗಿಲು ಬಡಿದು "ಬೇಗ ಇಳೀರಿ, ಬೇಗ ಇಳೀರಿ" ಅಂತಾರೆ. ಆದ್ರೆ ಮೈಗೆ ಸಕ್ಕರೆ ಕಾಯಿಲೆ ಹತ್ತಿಕೊಂಡಿದೆ. ಬೆಳಿಗ್ಗೆ ಹೊಟ್ಟೆಗೆ ಇನ್ಸುಲಿನ್ ಸೂಜಿ ಚುಚ್ಚಿಕೊಳ್ತಾರೆ. ಚುಚ್ಚಿಕೊಂಡ ಮೇಲೆ ಹೊತ್ತು ಹೊತ್ತಿಗೆ ಏನಾದ್ರೂ ತಿನ್ನಲೇಬೇಕು. ತಿನ್ನದಿದ್ರೆ ಮೈಯಲ್ಲಿರೋ ಸಕ್ಕರೆ ಪೂರ್ತಿ ಇಳಿದು ಮೊದಲು ಬೆವರು, ಆಮೇಲೆ ನಡುಕ, ಆಮೇಲೆ ಮಾತು ತೊದಲೋಕೆ ಶುರು. ಅದರಾಚೆ ಏನಾಗುತ್ತೆ ಅಂತ ಡಾಕ್ಟರು ಹೇಳಿದ್ದನ್ನ ನಮ್ಮ ಮನೇಲಿ ಯಾರೂ ಬಾಯಿಬಿಟ್ಟು ಹೇಳಲ್ಲ.

ಹೆಂಡತಿ ಪ್ರಾಣಿಗಳ ಹಕ್ಕಿಗೆ ಹೋರಾಡೋ ಒಂದು ಸಂಘದಲ್ಲಿದ್ದಳು. ಅವಳು ಕೆಟ್ಟವಳಲ್ಲ. ಇದನ್ನ ಮೊದಲೇ ಹೇಳಿಬಿಡ್ತೀನಿ, ಮುಂದೆ ಹೇಳೋಕೆ ಮನಸ್ಸು ಬರದೆ ಹೋಗಬಹುದು. ರೆಕ್ಕೆ ಮುರಿದ ಕಾಗೆಯನ್ನ ಶೂ ಡಬ್ಬದಲ್ಲಿಟ್ಟು ಬಾಣಂತನ ಮಾಡಿದವಳು. ಆ ಕಾಗೆ ಗುಣವಾಗಿ, ಹೋಗೋವಾಗ ನನ್ನ ತಲೆ ಕುಕ್ಕಿ ಹೋಯ್ತು. ಅಮ್ಮನ ಊಟದ ಹೊತ್ತು ತಪ್ಪಬಾರದು ಅಂತ ಫೋನಿನಲ್ಲಿ ಅಲಾರಂ ಇಟ್ಟವಳೂ ಅವಳೇ. ಅದು ಹೊಡೆದ್ರೆ ಎಲ್ಲಿದ್ರೂ ಮನೆಗೆ ಫೋನ್ ಮಾಡಿ "ಅಮ್ಮ, ತಿಂದ್ಯಾ?" ಅಂತ ಕೇಳೋಳು.

ಆ ಸಂಘಕ್ಕೆ ಕಾಲಿಟ್ಟ ಮೇಲೆ ಮನೆಯಿಂದ ಮೊದಲು ಮೊಟ್ಟೆ ಹೋಯ್ತು. ಆಮೇಲೆ ಹಾಲು, ಬೆಣ್ಣೆ, ನನ್ನ ಚರ್ಮದ ಬೆಲ್ಟು. ಜೇನುತುಪ್ಪದ ಬಾಟ್ಲಿ ಹೊರಗೆ ಹೋದಾಗ ತಡೆಯಕ್ಕಾಗದೆ, "ಜೇನುಹುಳ ಏನಾದ್ರೂ ಪೊಲೀಸಿಗೆ ಕಂಪ್ಲೇಂಟ್ ಕೊಟ್ಟಿದ್ಯೇನೇ?" ಅಂತ ಕೇಳಿದೆ. ಅದಕ್ಕೆ ಎಷ್ಟೋ ದಿನ ನನ್ನ ಹತ್ರ ಮಾತು ಬಿಟ್ಟಳು. ಹಾಲಿಲ್ಲದ ಚಹಾ ಕುಡಿದು ಅತ್ತೆ ಮುಖ ಹಿಂಡಿದ್ರೆ, "ಅದು ಕರುವಿನ ಪಾಲು ಅಮ್ಮ" ಅನ್ನೋಳು. "ನಿನಗೂ ಅದನ್ನೇ ಕುಡಿಸಿ ಬೆಳೆಸಿದ್ದು ಕಣೇ, ಆ ಕರು ಬಂದು ಕೇಳಿಲ್ಲ" ಅಂತ ಅತ್ತೆ ಗೊಣಗ್ತಿದ್ರು.

ಸಂಘದ ಅಧ್ಯಕ್ಷನಿಗೆ ನಾನಿಟ್ಟ ಹೆಸರು ಕರುಣಾಳು. ಬಾಯಿ ತೆರೆದ್ರೆ ಕಣ್ಣಲ್ಲಿ ನೀರು. ಅವನ ಆಫೀಸಿನಲ್ಲಿ ಕಸ ಗುಡಿಸೋ ಹೆಂಗಸು ಒಂದು ದಿನ ಜಾರಿ ಬಿದ್ದು ಸೊಂಟ ಹಿಡಿದುಕೊಂಡ್ಲು. ಬೀಳೋವಾಗ ಬೆಕ್ಕಿನ ಬಾಲ ತುಳಿದಳು ಅಂತ ಇವನು ಅವಳಿಗೇ ಬೈದ. ಬೆಕ್ಕನ್ನ ಎತ್ತಿಕೊಂಡು ಡಾಕ್ಟರ ಹತ್ರ ಓಡಿದ. "ಪ್ರಾಣಿಗಳನ್ನ ಕೊಳ್ಳಬೇಡಿ, ಮಾರಬೇಡಿ" ಅನ್ನೋ ಬ್ಯಾನರನ್ನ ಅವನೇ ಮುಂದೆ ನಿಂತು ಹಿಡಿಯೋದು. ಸಾಕಿರೋದು ಮಾತ್ರ ಅಂಗಡಿಯಿಂದ ತಂದ ಜಾತಿನಾಯಿ. ಇದೇನ್ರೀ ಸ್ವಾಮಿ ಅಂತ ನಾನು ಕೇಳಿದ್ದಕ್ಕೆ, "ನಾನು ಕೊಂಡಿಲ್ಲ, ಅಂಗಡಿಯಿಂದ ಬಿಡುಗಡೆ ಮಾಡಿಸಿದೆ" ಅಂದ. ನನ್ನ ಹೆಂಡತಿಗೆ ಅವನು ಹೇಳಿದ್ದೇ ವೇದವಾಕ್ಯ.

ಇಷ್ಟಾದ ಮೇಲೆ ನಾನೂ ಅತ್ತೆಯೂ ಸುಮ್ಮನಿರ್ತೀವಾ? ನಮ್ಮ ಬೀದಿ ದಾಟಿ, ಬಸ್ ನಿಲ್ದಾಣದ ಎದುರು ಒಂದು ಕೋಳಿ ಅಂಗಡಿ ಇದೆ. ಒಂದು ಪಕ್ಕ ಕೋಳಿ ಮಾರ್ತಾನೆ, ಇನ್ನೊಂದು ಪಕ್ಕ ಸ್ಟೌ ಹಚ್ಚಿಕೊಂಡು ಬೇಯಿಸಿದ ಮೊಟ್ಟೆ, ಚಹಾ ಮಾರ್ತಾನೆ. ಒಂದು ದಿನ ಕೆಲಸದ ಮಧ್ಯೆ ಕದ್ದು ಹೋಗಿ ಬೆಂಚಿನ ಮೇಲೆ ಕೂತು ಪಕ್ಕಕ್ಕೆ ತಿರುಗಿದ್ರೆ ಅತ್ತೆ ಕೂತಿದಾರೆ, ಬಾಯಲ್ಲಿ ಅರ್ಧ ಮೊಟ್ಟೆ. ನಾನು ಅವರನ್ನ ನೋಡಿದೆ, ಅವರು ನನ್ನನ್ನ ನೋಡಿದ್ರು. ಅತ್ತೆ ಬಾಯಲ್ಲಿದ್ದದ್ದು ನುಂಗಿ, "ಸ್ವಲ್ಪ ಒಳಗೆ ಸರೀರಿ ಅಳಿಯಂದ್ರೇ, ರಸ್ತೆಗೆ ಕಾಣ್ತೀರ" ಅಂದ್ರು. ಅವತ್ತಿಂದ ನಮ್ಮಿಬ್ಬರದು ಗಳಸ್ಯ ಕಂಠಸ್ಯ. ದಿನಾ ಅಲ್ಲಿ ಸೇರೋದು, ಮಗಳ ಮೇಲೆ ಚಾಡಿ ಹೇಳಿಕೊಳ್ಳೋದು, ಬಾಯಿ ತೊಳೆದುಕೊಂಡು ಬೇರೆ ಬೇರೆ ದಾರೀಲಿ ಮನೆಗೆ ಬರೋದು. ಅಂಗಡಿಯವನು ಮಹಾ ಒಳ್ಳೆಯವನೇನಲ್ಲ, ತೂಕದಲ್ಲಿ ಕೈ ಆಡಿಸ್ತಾನೆ. ಆದ್ರೆ ಅತ್ತೆ ಬಂದ್ರೆ ಅವರ ಕಾಯಿಲೆ ಗೊತ್ತಿದ್ದರಿಂದ ಯಾರನ್ನಾದ್ರೂ ಎಬ್ಬಿಸಿ ಜಾಗ ಕೊಟ್ಟು ಮೊದಲು ಅವರಿಗೆ ತಟ್ಟೆ ಹಾಕ್ತಿದ್ದ.

ಹೀಗಿರೋವಾಗ ಕರುಣಾಳುಗೆ ಒಂದು ಹೊಸ ಯೋಚನೆ ಬಂತು. ಪಂಜರದ ಕೋಳಿ ಹೇಗೆ ಬದುಕುತ್ತೆ ಅಂತ ಜನಕ್ಕೆ ತೋರಿಸಬೇಕು. ಅದಕ್ಕೆ ದೊಡ್ಡ ಪಂಜರ ಮಾಡಿಸಿ, ಕೋಳಿ ವೇಷದಲ್ಲಿ ಮನುಷ್ಯರನ್ನ ಒಳಗೆ ಕೂರಿಸಿ, ಫೋನಿನಲ್ಲಿ ಲೈವ್ ಬಿಡೋದು. ಪಂಜರ ಮಾಡೋ ಕೆಲಸ ನನ್ನ ತಲೆಗೆ ಬಂತು. ಹೆಂಡತಿ ಪಕ್ಕದಲ್ಲೇ ನಿಂತು ಹೇಳಿ ಮಾಡಿಸಿದಳು. ಎದ್ದು ನಿಲ್ಲೋಕಾಗಬಾರದು, ಕಾಲು ಚಾಚೋಕಾಗಬಾರದು, ಚಿಲಕ, ಬೀಗ ಎರಡೂ ಹೊರಗಡೆ ಮಾತ್ರ, ಒಳಗಿನಿಂದ ಯಾರೂ ಬಿಚ್ಚಬಾರದು. ನಾನೂ ಹುಮ್ಮಸ್ಸಿಗೆ ಬಿದ್ದು, ಮೂಲೆ ಮೂಲೆಗೆ ಕೂರೋ ಹಾಗೆ ಬೆಸುಗೆ ಹಾಕಿ, ಮುಗಿದ ಮೇಲೆ ಒದ್ದು ನೋಡಿದೆ. ಒಂದಿಷ್ಟೂ ಅಲುಗಲಿಲ್ಲ. ನನಗೇ ಬೆನ್ನು ತಟ್ಟಿಕೊಳ್ಳೋಣ ಅನ್ನಿಸಿತು, ಪೆದ್ದ ನನ್ನ ಮಗ ನಾನು.

ಕೋಳಿಯಾಗ್ತೀವಿ ಅಂತ ಒಪ್ಪಿಕೊಂಡಿದ್ದ ಇಬ್ಬರು ಹುಡುಗರು ಬೆಳಿಗ್ಗೆ ಕೈಕೊಟ್ಟರು. ಒಬ್ಬನಿಗೆ ಪುಕ್ಕ ಕಂಡ್ರೆ ಸೀನು ಬರುತ್ತಂತೆ, ಇನ್ನೊಬ್ಬನದು ಫೋನೇ ಆಫ್. ಹೆಂಡತಿ ಅಳುಮುಖ ಮಾಡಿಕೊಂಡು ಬಂದಳು.

"ನೀವಿಬ್ಬರೂ ಕೂತ್ಕೊಳ್ಳಿ. ಸ್ವಂತದವರು ಇರೋದು ಯಾತಕ್ಕೆ ಮತ್ತೆ?"

"ನಿಮ್ಮಮ್ಮನಿಗೆ ಆಗಲೇ ಸೂಜಿ ಆಗಿದೆ" ಅಂದೆ.

"ಒಂದು ಗಂಟೆ ಅಷ್ಟೇ ರೀ. ಊಟದ ಹೊತ್ತಿಗೆ ಮುಂಚೆ ಮುಗಿಯುತ್ತೆ. ಅಲಾರಂ ಇದೆಯಲ್ಲ, ಬಾಗಿಲ ಬೀಗದಕೈನೂ ನನ್ನ ಹತ್ರಾನೇ ಇರುತ್ತೆ."

ಮಗಳು ಕೇಳಿದಾಳೆ ಅಂತ ಅತ್ತೆ ಕರಗಿದ್ರು. "ಬಸ್ಸಿನಲ್ಲಿ ಇದಕ್ಕಿಂತ ಕಮ್ಮಿ ಜಾಗದಲ್ಲಿ ನಿಂತು ಟಿಕೆಟ್ ಹರಿದಿದೀನಿ, ನಡೀರಿ ಅಳಿಯಂದ್ರೇ" ಅಂತ ನನ್ನನ್ನೂ ಎಬ್ಬಿಸಿದ್ರು. ನಾನು ದಾರಿಯುದ್ದಕ್ಕೂ ಬೆನ್ನು ನೋವು, ತಲೆನೋವು ಅಂತ ಬಾಯಿಗೆ ಬಂದ ನೆಪ ಎಲ್ಲ ಹೇಳ್ತಾನೇ ಹೋದೆ. ಹೆಂಡತಿ ಒಂದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಪಂಜರ ಇಟ್ಟಿದ್ದು ಎಲ್ಲಿ ಅಂದ್ಕೊಂಡ್ರಿ? ನಮ್ಮ ಮೊಟ್ಟೆ ಅಂಗಡಿ ಮುಂದೆ. ಅದನ್ನ ಕಂಡ ಕೂಡಲೇ ನಾನು ಮುಖವಾಡಕ್ಕೆ ಕೈ ಹಾಕಿದೆ. ಅತ್ತೆ ನನಗಿಂತ ಮುಂಚೆ ಮುಖವಾಡ ಏರಿಸಿಕೊಂಡು ಕೊಕ್ಕು ಸರಿಮಾಡಿಕೊಂಡ್ರು. ಅಂಗಡಿಯವನಿಗೆ ಮುಖ ಕಂಡ್ರೆ ಮುಗೀತು, "ಏನಮ್ಮಾವ್ರೇ, ಇವತ್ತು ಎರಡೋ ಮೂರೋ?" ಅಂತ ಮಗಳ ಎದುರೇ ಕೇಳಿಬಿಡ್ತಾನೆ. ಅವನೇನೋ ಖುಷಿಯಾಗೇ ಇದ್ದ. ಗಲಾಟೆ ನೋಡೋಕೆ ಬಂದವರೆಲ್ಲ ಒಂದೊಂದು ಚಹಾ ಕುಡೀತಿದ್ರು. "ನಾಳೆನೂ ಬನ್ನಿ ಸಾರ್" ಅಂತ ಕರುಣಾಳುಗೇ ಹೇಳಿದ.

ಒಳಗೆ ಕೂತಮೇಲೆ ಗೊತ್ತಾಯ್ತು ನನ್ನ ಕೈಚಳಕ. ಅತ್ತೆ ಮೊಣಕಾಲು ನನ್ನ ಹೊಟ್ಟೆಗೆ, ನನ್ನ ಮೊಣಕೈ ಅವರ ಕೊಕ್ಕಿಗೆ. ಬಿಸಿಲು ನೆತ್ತಿಗೆ ಏರ್ತಿತ್ತು, ಪುಕ್ಕದ ಒಳಗೆ ಮೈ ಬೇಯ್ತಿತ್ತು. ಕರುಣಾಳು ಮೊದಲೇ ಷರತ್ತು ಹಾಕಿದ್ದ. ಮಾತಾಡಬಾರದು, ಕೋಳಿ ಮಾತಾಡಲ್ಲ. ನೀರು ಕೇಳಬಾರದು, ಕೇಳಿದ್ರೆ ನೋಡೋರಿಗೆ ನೋವು ತಟ್ಟಲ್ಲ. ಅವನ ನಾಯಿ ಮಾತ್ರ ರಸ್ತೆ ಪಕ್ಕ ಕಾರಿನಲ್ಲಿತ್ತು, ಎ.ಸಿ. ಓಡ್ತಿತ್ತು, ಕನ್ನಡಕ ಹಾಕಿದ ಒಬ್ಬ ಹುಡುಗಿ ಆಗಾಗ ಹೋಗಿ ಅದಕ್ಕೆ ತಣ್ಣೀರು ಕುಡಿಸಿ ಬರ್ತಿದ್ದಳು. ನಾಯಿ ಮೇಲೆ ನನಗೇನೂ ಸಿಟ್ಟಿಲ್ಲ. ಹೊಟ್ಟೆಕಿಚ್ಚಿತ್ತು, ಅಷ್ಟೇ.

ಹೇಳಿದ ಒಂದು ಗಂಟೆ ಯಾವಾಗ್ಲೋ ಕಳೀತು. ನೋಡೋರ ಸಂಖ್ಯೆ ಏರ್ತಿದೆ ಅಂತ ಕರುಣಾಳು ಎಳೀತಾನೇ ಇದ್ದ. ಮೈಕ್ ಹಿಡಿದು ಕೋಳಿಯ ಬಾಲ್ಯ, ಕೋಳಿಯ ಕನಸು ಅಂತ ಶುರು ಹಚ್ಚಿಕೊಂಡಿದ್ದ. ಅಷ್ಟರಲ್ಲಿ ಹೆಂಡತಿ ಜೇಬಿನಲ್ಲಿ ಅಲಾರಂ ಹೊಡೀತು. ನಾನು ಉಸಿರು ಬಿಟ್ಟೆ, ಸದ್ಯ ಬಿಡ್ತಾಳೆ ಅಂತ. ಕರುಣಾಳು ಮಾತು ನಿಲ್ಲಿಸಿ ಅವಳ ಕಡೆ ಕೆಕ್ಕರಿಸಿ ನೋಡಿದ. ಅವಳು ಗಡಿಬಿಡೀಲಿ ಫೋನ್ ತೆಗೆದು ಅಲಾರಂ ಆರಿಸಿ ಮತ್ತೆ ಜೇಬಿಗೆ ಹಾಕಿಕೊಂಡ್ಲು. ಅಮ್ಮನ ಅಲಾರಂ ಅಂತ ಅವಳಿಗೆ ಗೊತ್ತಿರಲಿಲ್ಲ ಅಂತ ನಾನು ಹೇಳಲಾರೆ.

ಸ್ವಲ್ಪ ಹೊತ್ತಿಗೆ ಅತ್ತೆ ಪಿಸುಗುಟ್ಟಿದ್ರು, "ಅಳಿಯಂದ್ರೇ, ಕೈ ನಡುಗ್ತಾ ಇದೆ." ಕೈ ಹಿಡಿದು ನೋಡಿದೆ. ಆ ಬಿಸಿಲಲ್ಲೂ ಐಸ್ ಥರ ತಣ್ಣಗಿತ್ತು, ಒದ್ದೆಯಾಗಿತ್ತು.

ಈಗ ನೆನೆಸಿಕೊಂಡ್ರೆ ನನಗೇ ನಾಚಿಕೆ. ಷರತ್ತು ಮುರಿಯಬಾರದು ಅಂತ ನಾನು ಮೊದಲು ಕೋಳಿ ಭಾಷೇಲೇ ಹೇಳಿದೆ. ತಂತಿ ಹಿಡಿದುಕೊಂಡು ಹೆಂಡತಿ ಕಡೆ ತಿರುಗಿ ಕೊಕ್ಕೊಕ್ಕೋ ಅಂತ ಬಾಯಿಬಾಯಿ ಬಡಿದುಕೊಂಡೆ, ರೆಕ್ಕೆ ಬಡಿದೆ, ಅತ್ತೆ ಕಡೆ ಕೊಕ್ಕು ತೋರಿಸಿದೆ. ಜನ ಚಪ್ಪಾಳೆ ತಟ್ಟಿದ್ರು. ಕರುಣಾಳು ಮೈಕಿನಲ್ಲಿ ಗದ್ಗದವಾಗಿ ಹೇಳಿದ, "ನೋಡಿ, ಈ ತಾಯಿಕೋಳಿ ನಡುಗ್ತಿದೆ. ಇದು ನಟನೆ ಅಲ್ಲ, ಇದು ನೋವು." ಆ ಮನುಷ್ಯ ಅವತ್ತಿಡೀ ಹೇಳಿದ ಒಂದೇ ಒಂದು ನಿಜ ಅದು, ಅದೂ ಅವನಿಗೆ ಗೊತ್ತಿಲ್ಲದೆ.

ನಾನು ಕೋಳಿತನ ಬಿಟ್ಟೆ. "ಲೇ, ಬಾಗಿಲು ತೆಗಿಯೇ. ನಿಮ್ಮಮ್ಮನಿಗೆ ಸಕ್ಕರೆ ಇಳೀತಿದೆ."

ಅವಳು ಹತ್ರ ಬಂದು ಹಲ್ಲು ಕಚ್ಚಿ, "ಬೆಳಿಗ್ಗೆಯಿಂದ ನಿಮ್ಮದು ಇದೇ ಆಯ್ತು, ಸ್ವಲ್ಪ ತಡ್ಕೊಳ್ಳಿ" ಅಂದಳು. ನಾನು ಅತ್ತೆ ಮುಖವಾಡ ಕಿತ್ತು ತೆಗೆದೆ. ಮುಖ ಬಿಳಿಚಿಕೊಂಡಿತ್ತು, ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು, ಕಣ್ಣು ಎಲ್ಲೋ ನೋಡ್ತಿತ್ತು. "ಮುಂದಿನ ಸ್ಟಾಪು... ಮುಂದಿನ..." ಅಂತ ತೊದಲ್ತಿದ್ರು. ಆ ಗಂಟಲಿನಿಂದ ಅಷ್ಟು ಸಣ್ಣ ಸ್ವರ ಬಂದದ್ದನ್ನ ನಾನು ಯಾವತ್ತೂ ಕೇಳಿರಲಿಲ್ಲ.

ಹೆಂಡತಿ ನೋಡಿದಳು. ಸರಿಯಾಗೇ ನೋಡಿದಳು. ಕೈ ಜೇಬಿಗೆ ಹೋಯ್ತು, ಬೀಗದಕೈ ಹೊರಗೆ ಬಂತು. ಆಮೇಲೆ ಕರುಣಾಳು ಕಡೆ ತಿರುಗಿದಳು. ಅವನು ಮಾತು ನಿಲ್ಲಿಸದೆ ಒಂದು ಬೆರಳೆತ್ತಿದ, ಒಂದೇ ನಿಮಿಷ ಅಂತ. ಅವಳು ಬೀಗದಕೈ ಹಿಡಿದುಕೊಂಡು ಹಾಗೇ ನಿಂತಳು.

ಅಷ್ಟರಲ್ಲಿ ಅಂಗಡಿಯವನಿಗೆ ಅತ್ತೆ ಗುರುತು ಸಿಕ್ಕಿತು. "ಅಯ್ಯೋ, ಅಮ್ಮಾವ್ರು" ಅಂತ ಒಂದು ಲೋಟ ಚಹಾ, ಬಿಸ್ಕತ್ತಿನ ಪ್ಯಾಕೆಟ್ಟು ಹಿಡಿದು ಓಡಿ ಬಂದ. ಸಂಘದವರು ಅಡ್ಡಗಟ್ಟಿದ್ರು. ರಕ್ತದ ಕೈಯಲ್ಲಿ ಹತ್ರ ಬರಬೇಡ ಅಂದ್ರು. ಕನ್ನಡಕದ ಹುಡುಗಿ ಪ್ಯಾಕೆಟ್ಟು ಕಿತ್ತುಕೊಂಡು ಹಿಂದೆ ಬರೆದಿರೋ ಸಣ್ಣ ಅಕ್ಷರನ ಕಣ್ಣಿಗೆ ಹತ್ರ ಹಿಡಿದು ಓದಿ, "ಇದರಲ್ಲಿ ಹಾಲಿನ ಪುಡಿ ಇದೆ" ಅಂತ ತೀರ್ಪು ಕೊಟ್ಟಳು. ಆಮೇಲೆ ಲೋಟದ ಕಡೆ ನೋಡಿ, "ಅದು ಹಾಲಿನ ಚಹಾನಾ?"

"ಹಾಲಿಂದೇ ತಾಯಿ, ಸಕ್ಕರೆ ಜಾಸ್ತಿ ಹಾಕಿದೀನಿ. ಮೊದಲು ಅವರ ಬಾಯಿಗೆ ಹಾಕು, ಆಮೇಲೆ ಬೇಕಿದ್ರೆ ನನ್ನ ನೇಣು ಹಾಕು" ಅಂದ ಅವನು. ಜನರ ಮಧ್ಯೆ ತೂರಿ ಲೋಟನ ತಂತಿ ಹತ್ರ ಹಿಡಿದ. ಅತ್ತೆಗೆ ಅದೊಂದು ಕಂಡಿರಬೇಕು. ನಡುಗೋ ಕೈಯನ್ನ ತಂತಿ ಸಂದಿಯಿಂದ ಹೊರಗೆ ಚಾಚಿದ್ರು. ಬೆರಳು ಲೋಟಕ್ಕೆ ತಾಕಿತ್ತು.

ಫೋನಿನ ಕ್ಯಾಮೆರಾ ಅಲ್ಲಿಗೆ ತಿರುಗಿತು. ನನ್ನ ಹೆಂಡತಿ ಕೈ ಬೀಸಿ ಆ ಲೋಟ ತಳ್ಳಿಬಿಟ್ಟಳು.

ಚಹಾ ಪೂರ್ತಿ ನೆಲದ ಪಾಲಾಯ್ತು. ಬೇಕಂತ ಮಾಡಿದಳೋ, ಕೈ ತಾನಾಗೇ ಹೋಯ್ತೋ, ಅವಳಿಗೇ ಗೊತ್ತಿಲ್ಲ ಅನ್ನಿಸುತ್ತೆ. ತನ್ನ ಕೈಯನ್ನೇ ಮಿಕಿಮಿಕಿ ನೋಡ್ತಾ ನಿಂತಳು. ಅತ್ತೆ ತಲೆ ನನ್ನ ಎದೆ ಮೇಲೆ ವಾಲಿತು.

ನಾನು ಬಾಗಿಲಿಗೆ ಒದ್ದೆ. ಇನ್ನೊಮ್ಮೆ ಒದ್ದೆ. ಹಾಳು ಬೆಸುಗೆ, ಅಲುಗಿದ್ರೆ ಕೇಳಿ. ಜನಕ್ಕೆ ಇದೂ ನಾಟಕ, ಶಿಳ್ಳೆ ಬೇರೆ ಹೊಡೀತಿದ್ರು. ಆಗ ಹೊಳೀತು. ಅತ್ತೆ ಸಾಯ್ತಿದಾರೆ ಅಂದ್ರೆ ಇವರು ಲೈವ್ ನಿಲ್ಲಿಸಲ್ಲ, ಇನ್ನೂ ಹತ್ರ ಬಂದು ತೆಗೀತಾರೆ. ಇವರು ನಿಲ್ಲಿಸಬೇಕಾದ್ರೆ ಇವರ ಮಾನ ಹೋಗಬೇಕು. ನನ್ನ ಮುಖವಾಡನೂ ಕಿತ್ತು ಬಿಸಾಕಿ, ಕ್ಯಾಮೆರಾಕ್ಕೆ ಮುಖ ಕೊಟ್ಟು, ಕಂಡಕ್ಟರ್ ಗಂಟಲು ಸಾಲ ತಗೊಂಡವನ ಹಾಗೆ ಕೂಗಿದೆ.

"ಕೇಳ್ರಪ್ಪಾ ಎಲ್ಲಾರೂ. ನಾನು ಈ ಸಂಘದ ಕೋಳಿ. ಇವರು ನಮ್ಮತ್ತೆ, ಇವರೂ ಈ ಸಂಘದ ಕೋಳಿ. ನಾವಿಬ್ಬರೂ ದಿನಾ ಇದೇ ಅಂಗಡೀಲಿ ಕೂತು ಮೊಟ್ಟೆ ತಿಂತೀವಿ, ಹಾಲಿನ ಚಹಾ ಕುಡೀತೀವಿ. ನಿನ್ನೆನೂ ತಿಂದಿದೀವಿ. ಬೇಕಾದ್ರೆ ಅಂಗಡಿಯವನನ್ನ ಕೇಳಿ."

"ಹೌದು ಹೌದು, ಇವರಿಗೆ ಖಾರ ಜಾಸ್ತಿ, ಅಮ್ಮಾವ್ರಿಗೆ ಉಪ್ಪು ಕಮ್ಮಿ" ಅಂದ ಅಂಗಡಿಯವನು, ಪ್ರಾಮಾಣಿಕವಾಗಿ.

ಕರುಣಾಳು ಕಣ್ಣಲ್ಲಿದ್ದ ನೀರು ಎಲ್ಲಿ ಇಂಗಿಹೋಯ್ತೋ. "ಕಟ್ ಮಾಡು, ಕಟ್ ಮಾಡು ಅದನ್ನ" ಅಂತ ಕಿರುಚಿ, ಫೋನ್ ಮೇಲೆ ಅಂಗೈ ಇಟ್ಟ. ಲೈವ್ ನಿಂತಿತು. ಆಮೇಲೆ ನನ್ನ ಹೆಂಡತಿ ಕಡೆ ತಿರುಗಿ, "ತೆಗಿ ಬಾಗಿಲು, ಹೊರಗೆ ಹಾಕು ಇವರನ್ನ" ಅಂದ. ಅವಳು ಬೀಗ ತೆಗೆದಳು.

ಅತ್ತೆಯನ್ನ ಎತ್ತಿಕೊಂಡು ಹೋಗಿ ಅದೇ ಬೆಂಚಿನ ಮೇಲೆ ಒರಗಿಸಿ ಕೂರಿಸಿದೆ. ಅಂಗಡಿಯವನು ಸಕ್ಕರೆ ನೀರು ಕಲಸಿ ತಂದ. ಚಮಚ ಚಮಚವಾಗಿ ತುಟಿ ಒಳಗೆ ಬಿಟ್ಟೆ. ಮೊದಲು ಕಟಬಾಯಲ್ಲೇ ಸೋರಿತು, ನನಗೆ ಜೀವ ಹೋದ ಹಾಗಾಯ್ತು. ಆಮೇಲೆ ಗುಟುಕು ಇಳೀತು, ಇನ್ನೊಂದು ಇಳೀತು. ಸ್ವಲ್ಪ ಹೊತ್ತಿಗೆ ಕಣ್ಣು ಒಂದು ಕಡೆ ನಿಂತು ನೋಡೋಕೆ ಶುರು ಮಾಡಿದ್ವು. "ನಿಮ್ಮ ರೆಕ್ಕೆ ಚುಚ್ತಾ ಇದೆ ಅಳಿಯಂದ್ರೇ, ಅತ್ಲಾಗೆ ಸರೀರಿ" ಅಂದ್ರು. ನನಗೆ ಅಳು ಬಂತು. ವೆಲ್ಡರ್ ಮುಂಡೇದು, ಕೋಳಿ ವೇಷದಲ್ಲಿ ಬೀದೀಲಿ ಕೂತು ಗೊಳೋ ಅಂತ ಅತ್ತುಬಿಟ್ಟೆ.

ಕರುಣಾಳು ಕಾರು ಹತ್ತೋ ಮುಂಚೆ ನಮ್ಮ ಹತ್ರ ಬಂದು, ಚಳವಳಿ ಬೆನ್ನಿಗೆ ಚೂರಿ ಹಾಕಿದ್ರಿ ಅಂದ. ನಾನು ಅವನಿಗೆ ಏನಂದೆ ಅನ್ನೋದನ್ನ ಇಲ್ಲಿ ಬರೆಯೋ ಹಾಗಿಲ್ಲ. ಅವನು ಹೋದ. ಸಂಘದವರು ಬ್ಯಾನರು ಮಡಚಿಕೊಂಡು ಒಬ್ಬೊಬ್ಬರೇ ಜಾಗ ಖಾಲಿ ಮಾಡಿದ್ರು. ನನ್ನ ಹೆಂಡತಿ ಒಬ್ಬಳೇ ಪಂಜರದ ಹತ್ರ ನಿಂತಿದ್ದಳು. ಆಮೇಲೆ ನಿಧಾನವಾಗಿ ಬಂದು ಅಮ್ಮನ ಮುಂದೆ ಕೂತಳು. ಅತ್ತು ಅತ್ತು ಮುಖ ಊದಿತ್ತು. ಅವಳ ಬಾಯಿಂದ ಮೊದಲು ಏನು ಬರುತ್ತೋ ಅಂತ ನಾನು ಕಾದೆ.

"ಅಮ್ಮ, ನೀನು ನಿಜವಾಗ್ಲೂ ಮೊಟ್ಟೆ ತಿಂತಿದ್ಯಾ?"

ನನಗೆ ಮೈಯೆಲ್ಲ ಉರಿದು ಹೋಯ್ತು. ಬಾಯಿ ತೆರೆದೆ, ಅತ್ತೆ ನನ್ನ ಕೈ ಅದುಮಿ ಸುಮ್ಮನಾಗಿಸಿದ್ರು.

"ಹೂಂ, ತಿಂತಿದ್ದೆ" ಅಂದ್ರು ಮಗಳಿಗೆ. ಸ್ವಲ್ಪ ಸುಧಾರಿಸಿಕೊಂಡು, ಮಗುವಿಗೆ ಕೇಳೋ ಹಾಗೆ ಮೆತ್ತಗೆ ಕೇಳಿದ್ರು, "ಬೀಗದಕೈ ನಿನ್ನ ಕೈಲೇ ಇತ್ತಲ್ವೇನೇ?"

ಹೆಂಡತಿ ಎದ್ದು ಅಂಗಡಿ ಒಳಗೆ ಹೋದಳು. ಆ ಹೊಸ್ತಿಲು ದಾಟಲ್ಲ ಅಂತ ಶಪಥ ಮಾಡಿದ್ದವಳು ದಾಟಿದಳು. ಸ್ಟೌ ಹತ್ರ ನಿಂತು ತಾನೇ ಹೇಳಿ ಒಂದು ಲೋಟ ಚಹಾ ಮಾಡಿಸಿಕೊಂಡು ಬಂದಳು. ಹಾಲು ಹಾಕಿಸಿದ್ದಳು, ಸಕ್ಕರೆನೂ ಹಾಕಿಸಿದ್ದಳು. ಎರಡೂ ಕೈಯಲ್ಲಿ ಹಿಡಿದು ಅಮ್ಮನ ಮುಂದೆ ಚಾಚಿದಳು.

ಅತ್ತೆ ಲೋಟ ನೋಡಿದ್ರು, ಮಗಳ ಮುಖ ನೋಡಿದ್ರು. ಅವರ ದನಿಯಲ್ಲಿ ಕೋಪ ಇರಲಿಲ್ಲ, ಇದ್ದಿದ್ರೆ ನನಗೂ ಎಷ್ಟೋ ವಾಸಿ ಅನ್ನಿಸ್ತಿತ್ತು.

"ಈಗ ಬೇಡ ಕಣೇ" ಅಂದ್ರು. "ಆಗ ಬೇಕಿತ್ತು."